ಮೂರು ಬೆರಳಿನ ಬಾಯಿ

ನರಸಮ್ಮನ ಮುದ್ದೆ ತುತ್ತು ಚಿಕ್ಕದಾಗುತ್ತಾ ಬಂದಿದ್ದನ್ನು ಮೊದಲು ಕಂಡವಳು ನಾನು. ನರಸಮ್ಮ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಚಾಮರಾಜಪೇಟೆಯ ವಠಾರದಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಮನೆ, ಊಟ ಮಾತ್ರ ಒಟ್ಟಿಗೇ. ನಿಂಬೆಹಣ್ಣಿನಷ್ಟು ಮುರಿದು ಗುಳುಂ ಅಂತ ನುಂಗುತ್ತಿದ್ದವಳು ಗೋಲಿಯಷ್ಟು ಮುರಿಯತೊಡಗಿದಳು. ಸಾರಿಗೆ ನೀರು ಬೆರೆಸಿಕೊಂಡು, "ಅಕ್ಕ, ಈ ಸಲದ ಮೆಣಸಿನಕಾಯಿ ಬಲು ಖಾರ" ಅನ್ನುವಳು. ಅದೇ ಸಾರು ನಾನೂ ಉಣ್ಣುತ್ತಿದ್ದೆ. ಖಾರವೇನೂ ಇರಲಿಲ್ಲ.

ಅವಳ ಎಡದವಡೆಯಲ್ಲಿ ಹೊಗೆಸೊಪ್ಪು ಯಾವಾಗಲೂ ಇರುತ್ತಿತ್ತು. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವುದಕ್ಕೆ ಕರೆದರೆ ಮಾತ್ರ ಉಗಿದು, ಬಾಯಿ ಮುಕ್ಕಳಿಸಿ ಹೋಗುತ್ತಿದ್ದಳು. ನಮ್ಮ ಬೀದಿಯಲ್ಲಿ ಅವಳ ಗಂಟಲಿಗೆ ಸಮ ಇನ್ನೊಂದಿರಲಿಲ್ಲ.

ಎಂಬತ್ತಮೂರನೇ ಇಸವಿಯ ಒಂದು ಭಾನುವಾರ ನಮ್ಮ ರಾತ್ರಿಶಾಲೆಯ ಕೋಣೆಗೆ ಒಬ್ಬರು ಡಾಕ್ಟರಮ್ಮ ಬಂದು ಹೆಂಗಸರನ್ನೆಲ್ಲ ಕೂರಿಸಿಕೊಂಡರು. "ಕ್ಯಾನ್ಸರ್ ಅನ್ನೋ ಹೆಸರಿಗೆ ಹೆದರಿ ನೀವು ಬಾಯಿ ಮುಚ್ಚಿಕೊಂಡರೆ ಅನುಕೂಲ ಆಗೋದು ಅದಕ್ಕೇ" ಅಂದರು. ಅದು ಮುಟ್ಟಿದರೆ ಅಂಟುವುದಿಲ್ಲ, ಜೊತೆಯಲ್ಲಿ ಉಂಡರೆ ಬರುವುದಿಲ್ಲ. ಬಾಯಲ್ಲಿ ವಾಸಿಯಾಗದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಸುಮ್ಮನೆ ಉರಿ, ಇದ್ದರೆ ತಡಮಾಡದೆ ತೋರಿಸಬೇಕು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಹಲ್ಲಿನ ನಡುವೆ ತೂರಿಸಿ ನೋಡಿ, ಹೋಗದಿದ್ದರೂ ಬನ್ನಿ ಅಂದರು.

ಮಾರನೆಯ ದಿನ ನಲ್ಲಿ ಹತ್ತಿರ ಕೊಡ ಕೆಳಗಿಟ್ಟು ಎಲ್ಲರೂ ಬಾಯಿಗೆ ಬೆರಳು ಇಟ್ಟುಕೊಂಡವರೇ.

"ನಂದು ನಾಲ್ಕು ಹೋಗ್ತದೆ" ಅಂದಳು ಒಬ್ಬಳು.

"ನಿನ್ನ ಬಾಯಿ ದೊಡ್ಡದು ಅಂತ ಬೀದಿಗೆಲ್ಲ ಗೊತ್ತು ಬಿಡೇ!"

ನರಸಮ್ಮ ಮಾತ್ರ ಕೊಡ ಎತ್ತಿಕೊಂಡು ಹೊರಟಳು. "ನನ್ನ ಬೆರಳು ರಾಗಿ ಬೀಸಿ ಬೀಸಿ ದಪ್ಪ ಆಗವೆ, ಈ ಲೆಕ್ಕ ನನಗೆ ಕೂಡಲ್ಲ."

ಮಧ್ಯಾಹ್ನ ಅವಳ ಪಕ್ಕದಲ್ಲಿ ಹೋಗಿ ಕೂತೆ. ಅವಳು ಸೊಪ್ಪು ಸೋಸಿದಳು, ನಾನೂ ಸೋಸಿದೆ. ಸೊಪ್ಪು ಮುಗಿಯಿತು. ಅವಳೇ ಬಾಯಿ ಬಿಟ್ಟಳು.

"ಎರಡೇ ಬೆರಳು ಹೋಗೋದು, ಅಕ್ಕ. ಒಳಗೆ ಬೆಳ್ಳಗೆ ಏನೋ ಐತೆ."

"ಹಾಗಾದ್ರೆ ನಾಳೆ ಹೋಗೋಣ."

"ಉಹುಂ. ಶಿವಕುಮಾರಿ ಮದುವೆ ಆಗ್ಲಿ. ಅಜ್ಜಿಗೆ ಆ ಕಾಯಿಲೆ ಅಂತ ಗೊತ್ತಾದ್ರೆ ಅಕ್ಕಿಪೇಟೆಯವರು ಸಂಬಂಧ ಇಟ್ಟುಕೋತಾರಾ? ಮನೆತನಕ್ಕೇ ಇದೆ ಅಂತಾರೆ."

ಶಿವಕುಮಾರಿ ಅವಳ ಮೊಮ್ಮಗಳು. ಗಂಡಿನ ಕಡೆಯವರದು ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ. ವೀಳ್ಯದ ಶಾಸ್ತ್ರ ಹತ್ತಿರ ಬಂದಿತ್ತು, ಮದುವೆ ಇನ್ನೂ ವೈಶಾಖಕ್ಕೆ. ಅಷ್ಟು ದಿನ ಆ ಮಚ್ಚೆ ಸುಮ್ಮನಿರುತ್ತದೆ ಅಂತ ಯಾರು ಹೇಳಬೇಕು? ದಿನಾ ಹೇಳಿದೆ. ದಿನಾ ತಲೆ ಅಲ್ಲಾಡಿಸಿದಳು.

ವೀಳ್ಯದ ದಿನ ಗಂಡಿನ ಅಜ್ಜಿ ಗಂಗರತ್ನಮ್ಮ ಬಂದರು. ಕೈಯಲ್ಲಿ ಬೆಳ್ಳಿಯ ಎಲೆಪೆಟ್ಟಿಗೆ, ಬೆರಳಲ್ಲಿ ಬಟಾಣಿಯಷ್ಟು ಕೆಂಪು ಹರಳಿನ ಉಂಗುರ. ತಟ್ಟೆ ಬದಲಾಯಿಸಿದ್ದಾಯಿತು. ಆಮೇಲೆ ಅವರು ಎರಡು ಎಲೆಗೆ ಸುಣ್ಣ ಸವರಿ, ಅಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿ ಧಾರಾಳವಾಗಿ ಹಾಕಿ ಮಡಿಸಿ, ನರಸಮ್ಮನ ಮುಂದೆ ಹಿಡಿದರು.

"ಬೀಗಿತ್ತಿ, ಬಾಯಿ ತೆಗೀರಿ. ನಮ್ಮಲ್ಲಿ ಕೈಯಾರೆ ತಿನ್ನಿಸಿದ್ರೇನೇ ಒಪ್ಪಿಗೆ."

ನರಸಮ್ಮ ಬಾಯಿ ತೆಗೆದಳು. ಎಲೆಯ ಮಡಿಕೆ ಹಲ್ಲಿಗೆ ತಾಗಿ ನಿಂತಿತು. ಗಂಗರತ್ನಮ್ಮ ಇನ್ನೊಂದು ಸಲ ಒತ್ತಿದರು. ಮಡಿಕೆ ಬಿಚ್ಚಿ ಅಡಿಕೆಯೆಲ್ಲ ಜಮಖಾನದ ಮೇಲೆ ಉದುರಿತು.

"ಯಾಕಮ್ಮಾ, ನಮ್ಮನೆ ಎಲೆ ಬೇಡ್ವಾ?"

ಶಿವಕುಮಾರಿ ನನ್ನ ಸೆರಗು ಹಿಡಿದುಕೊಂಡಳು. ನರಸಮ್ಮ ಹುಡುಗಿಯ ಮುಖ ನೋಡಿದಳು, ಉದುರಿದ ಅಡಿಕೆ ನೋಡಿದಳು.

"ಎಲೆ ಬೇಡ ಅಂತಲ್ಲ ತಾಯಿ, ಬಾಯೇ ತೆರೆಯಲ್ಲ. ಮೂರು ಬೆರಳು ಹೋಗಬೇಕಂತೆ, ನನಗೆ ಎರಡೇ ಹೋಗ್ತದೆ. ಒಳಗೆ ಮಚ್ಚೆ ಐತೆ. ಡಾಕ್ಟರಿಗೆ ತೋರಿಸಿಲ್ಲ, ನೀವು ಏನಂತೀರೋ ಅಂತ."

"ಯಾವ ಮೂರು ಬೆರಳು?"

ನಾನು ತೋರಿಸಿಕೊಟ್ಟೆ. ಗಂಗರತ್ನಮ್ಮ ಅಲ್ಲೇ ತಮ್ಮ ಬೆರಳು ಬಾಯಿಗೆ ಇಟ್ಟುಕೊಂಡರು. ಹೋಗಲಿಲ್ಲ. "ಉಂಗುರ ಅಡ್ಡ ಬರ್ತಿದೆ" ಅಂತ ಬಿಚ್ಚಿ ಮಡಿಲಿಗೆ ಹಾಕಿಕೊಂಡು ಮತ್ತೆ ಇಟ್ಟರು. ಆಗಲೂ ಮೂರನೆಯದು ಅರ್ಧಕ್ಕೇ ನಿಂತಿತು. ಅವರ ಹಿಂದೆ ಕೂತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಶುರು ಮಾಡಿದರು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಕೂಡ ಗೋಡೆ ಕಡೆ ತಿರುಗಿ ಒಂದು ಕೈ ನೋಡಿಯೇಬಿಟ್ಟರು. ಯಾರೋ ಕಿಸಕ್ಕೆಂದರು, ಆಮೇಲೆ ಮನೆಯೆಲ್ಲ ನಗು.

ನಗದೆ ಇದ್ದವರು ಗಂಗರತ್ನಮ್ಮ ಒಬ್ಬರೇ. ಉಂಗುರ ಮತ್ತೆ ತೊಟ್ಟುಕೊಂಡು, ನರಸಮ್ಮನ ಹತ್ತಿರ ಸರಿದು ಮೆಲ್ಲಗೆ ಕೇಳಿದರು: "ನಾಳೆ ಹೋಗ್ತೀರಾ? ನಾನೂ ಬರ್ತೀನಿ. ಒಬ್ಬಳೇ ಹೋಗೋಕೆ ನನಗೆ ಧೈರ್ಯ ಸಾಲದು."

"ಸಂಬಂಧ?" ಅಂದಳು ನರಸಮ್ಮ.

"ಸಂಬಂಧ ಆಯ್ತಲ್ಲ, ಈಗ ಆಸ್ಪತ್ರೆಗೆ ಜೋಡಿ ಬೇಕು."

ಮೂವರೂ ಹೋದೆವು. ನರಸಮ್ಮನ ಕೆನ್ನೆಯೊಳಗಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ ಅಂದರು.

"ನಮ್ಮ ಮಂಡಿ ಅಕ್ಕಿಯಷ್ಟೋ, ರೇಷನ್ ಅಕ್ಕಿಯಷ್ಟೋ?" ಅಂತ ಗಂಗರತ್ನಮ್ಮ ಕೇಳಿದ್ದಕ್ಕೆ, ಹೆದರಿ ಕೂತಿದ್ದ ನರಸಮ್ಮನಿಗೂ ನಗು ಬಂತು.

ಫಲಿತಾಂಶ ಬರುವವರೆಗೆ ಅವಳು ಸರಿಯಾಗಿ ಉಣ್ಣಲಿಲ್ಲ. ಬಂದ ದಿನ ಡಾಕ್ಟರು ಹೇಳಿದರು: "ಕ್ಯಾನ್ಸರ್ ಅಲ್ಲ. ಆದರೆ ಹೀಗೇ ಬಿಟ್ಟಿದ್ದರೆ ಆಗಬಹುದಿತ್ತು. ಹೊಗೆಸೊಪ್ಪು, ಅಡಿಕೆ ಎರಡೂ ಇವತ್ತಿಂದಲೇ ಬಂದ್. ಆಗಾಗ ಬಂದು ತೋರಿಸಬೇಕು." ಗಂಗರತ್ನಮ್ಮನಿಗೆ ಮಚ್ಚೆ ಇರಲಿಲ್ಲ, ಕೆನ್ನೆ ಬಿಗಿಯಲು ಶುರುವಾಗಿತ್ತು. ಅವರಿಗೂ ಅದೇ ಆಜ್ಞೆ.

ಬಿಡುವುದು ಸುಲಭವಾಗಲಿಲ್ಲ. ಒಂದು ದಿನ ನರಸಮ್ಮ ನಾಗಂದಿಗೆಯ ಮೇಲಿನ ಹೊಗೆಸೊಪ್ಪಿನ ಡಬ್ಬ ಹುಡುಕುತ್ತಿದ್ದಳು. ನಾನು ಅದನ್ನು ಆಗಲೇ ಒಲೆಗೆ ಹಾಕಿದ್ದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಮೂರನೆಯ ದಿನ ಬಾಯಾಡಿಸಲು ಏಲಕ್ಕಿ ಕೇಳುತ್ತಾ ಬಂದಳು. ಬಾಯಿ ಸಡಿಲವಾಗಲು ಐಸ್‌ಕ್ಯಾಂಡಿ ಕಡ್ಡಿಗಳನ್ನು ಚೆನ್ನಾಗಿ ತೊಳೆದು, ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಿ, ಒಂದೊಂದೇ ಹೆಚ್ಚಿಸಿ ಅಂತ ಡಾಕ್ಟರು ಹೇಳಿದ್ದರು. ವಠಾರದ ಮಕ್ಕಳಿಗೆ ಕ್ಯಾಂಡಿ ತಿನ್ನಲು ಅದೇ ನೆಪವಾಯಿತು.

ವೈಶಾಖದಲ್ಲಿ ಮದುವೆ. ಎಲೆತಟ್ಟೆಯ ಪಕ್ಕದಲ್ಲಿ ಸೋಂಪು, ಕಲ್ಲುಸಕ್ಕರೆ, ಏಲಕ್ಕಿ ಇಟ್ಟ ಇನ್ನೊಂದು ತಟ್ಟೆ ಇತ್ತು. ಬೀಗರನ್ನು ಹಂಗಿಸುವ ಹಾಡಿನ ಸರದಿ ಬಂದಾಗ ನರಸಮ್ಮ ಎದ್ದು ನಿಂತಳು. ಬಾಯಿ ಪೂರ್ತಿ ಮೂರು ಬೆರಳಿಗೆ ಇನ್ನೂ ಬಂದಿರಲಿಲ್ಲ, ಆದರೂ ದನಿ ಪಡಸಾಲೆ ದಾಟಿ ಬೀದಿಗೆ ಹೋಯಿತು:

"ಅಕ್ಕಿಪೇಟೆ ಬೀಗಿತ್ತಿ ಉಂಗುರ ಬಿಚ್ಚಿದಳು,
ಬಾಯಿ ಸಾಲದೆ ಹೋಗಿ ಬೆರಳನ್ನು ಬೈದಳು!"

ಗಂಗರತ್ನಮ್ಮ ಉಂಗುರ ಬಿಚ್ಚಿ ಎತ್ತಿ ತೋರಿಸಿದರು. "ಎರಡು ಬೆರಳಿನ ಬೀಗಿತ್ತಿಗೆ ಇಷ್ಟು ಬಾಯಾ!"

ನರಸಮ್ಮ ತಲೆ ಹಿಂದಕ್ಕೆ ಹಾಕಿ ನಕ್ಕಳು. ನಾನು ಎದುರಿಗೇ ಇದ್ದೆ, ಕುತ್ತಿಗೆ ಚಾಚಿ ಅವಳ ಎಡದವಡೆಯೊಳಗೆ ಇಣುಕಿದೆ.

"ಅಕ್ಕ, ಊಟಕ್ಕೆ ಎಲೆ ಹಾಕ್ತಾವ್ರೆ. ನನ್ನ ಬಾಯಿ ಆಮೇಲೆ ನೋಡುವಂತೆ, ನಡಿ."