ಬಿದಿಗೆ ಚಂದ್ರ

"ಚಂದ್ರ ಕಂಡಾ ನೋಡ ಶೇವಂತಾ! ಆರತಿ ತಾ ಲಗೂನ," ಅಂಗಳದಿಂದ ಅತ್ತೆ ಕೂಗಿದರು. "ಬಿದಿಗಿ ಚಂದ್ರ ಅಂವಾ. ನೋಡನೋಡೂದ್ರಾಗ ಮುಳುಗತಾನ."

ಶೇವಂತಾ ಕದಲಲಿಲ್ಲ. ಮಣೆ ಹಾಕಿತ್ತು, ಸುತ್ತ ರಂಗೋಲಿ ಎಳೆದಿತ್ತು. ತಟ್ಟೆಯಲ್ಲಿ ಕುಂಕುಮ, ಅಕ್ಷತೆ, ಅಡಿಕೆ, ಬಂಗಾರದುಂಗುರ, ಉರಿಯುವ ದೀಪ ಎಲ್ಲ ಇದ್ದವು. ಮಣೆಯ ಮೇಲೆ ಕೂರಬೇಕಾದ ಅಣ್ಣ ಮಾತ್ರ ಇರಲಿಲ್ಲ. ದೀಪಾವಳಿಯ ಬಿದಿಗೆಯಂದು ತಂಗಿ ಅಣ್ಣನಿಗೆ ಬೆಳಗುವ ಭಾವುಬೀಜ, ಅವನಿಲ್ಲದ ಐದನೆಯದು ಇದು.

"ಅಣ್ಣತಮ್ಮರು ಇಲ್ಲದಾಕಿ ಚಂದ್ರಗ ಬೆಳಗತಾಳ, ಅತ್ತಿ. ನನಗ ಅಣ್ಣ ಅದಾನ."

"ಎಲ್ಲಿ ಅದಾನ? ಐದ ವರ್ಸಾತು, ಹೊಸ್ತಿಲಾ ತುಳಿದಿಲ್ಲ. ದಗಡೂ ಅಂತ ಹೆಸರಿಟ್ಟರ ಖರೇನ ಕಲ್ಲಾಗಬೇಕೇನ?"

ಹಿಂದಿನ ಎರಡು ಕೂಸುಗಳು ಉಳಿಯದಿದ್ದಾಗ, ಇವನಾದರೂ ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ಅವ್ವ ಇಟ್ಟ ಹೆಸರು ಅದು.

ದಗಡೂ ಆರತಿ ತಟ್ಟೆಗೆ ಹಾಕಿದ್ದೊಂದೊಂದೂ ಶೇವಂತಾಗೆ ನೆನಪಿತ್ತು. ಅವಳಿಗೆ ಆರು ವರ್ಷವಿದ್ದಾಗ, ಕೊಡಲು ಏನೂ ಇಲ್ಲದೆ ಅಂಗಿಯ ಜೇಬೆಲ್ಲ ತಡಕಿ, ಕೊನೆಗೆ ತನ್ನ ಜೀವದಂತಿದ್ದ ತಗಡಿನ ಪೀಪಿಯನ್ನೇ ಹಾಕಿದ್ದ. ಮರುದಿನ ಒಂದು ಸಲ ಊದಿ ಕೊಡುತ್ತೇನೆಂದು ಬೇಡಿದರೂ ಕೊಡದೆ ಅವನನ್ನು ಓಣಿಯೆಲ್ಲ ಓಡಿಸಿದ್ದಳು. ಅವಳ ಮದುವೆಯಾದ ವರ್ಷ ತಾಮ್ರದ ಹಂಡೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬಂದಿದ್ದ. ಹೊಲದ ದಾರಿಯಲ್ಲಿ ಹಂಡೆಗೆ ಎರಡು ಕಾಲು ಮೂಡಿದಂತೆ ಕಂಡು ಅತ್ತೆ ಕೂಡ ನಕ್ಕಿದ್ದರು.

ಅಪ್ಪ ತೀರಿದ ವರ್ಷ ಹಸಿರು ಸೀರೆ ತಂದ. ಸೀರೆಯ ಮಡಿಕೆಯಲ್ಲಿ ಒಂದು ಕಾಗದ. ಅಪ್ಪನ ಹೊಲದಲ್ಲಿ ತನಗೆ ಪಾಲು ಬೇಡವೆಂದು ಅವಳು ಸಹಿ ಮಾಡಬೇಕಾದ ಕಾಗದ. ಬೇರೆ ಯಾವ ದಿನ ತಂದಿದ್ದರೂ ಓದದೆಯೇ ಮಾಡಿಕೊಡುತ್ತಿದ್ದಳು. ಉರಿಯುವ ದೀಪದ ಪಕ್ಕದಲ್ಲಿ ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಇದು ಉಡುಗೊರಿನೋ ದಾದಾ, ವ್ಯಾಪಾರನೋ?" ಎಂದು ಸೀರೆ, ಕಾಗದ ಎರಡನ್ನೂ ಅವನ ಕೈಗೆ ತುರುಕಿದಳು. ಅವನು ಊಟ ಮಾಡದೆ ಎದ್ದುಹೋದ.

ಆಮೇಲೆ ಎರಡು ಸಲ ಫೋನು ಹಚ್ಚಿದ್ದಳು. ಅತ್ತಲಿಂದ ಅವನ ಕೆಮ್ಮು ಕೇಳಿಸಿದೊಡನೆ ಇಟ್ಟುಬಿಟ್ಟಿದ್ದಳು. ಅವಳಿಗೆ ಹೊಲ ಬೇಡವಾಗಿತ್ತು, ಸೀರೆಯೂ ಬೇಡವಾಗಿತ್ತು. ಮಣೆ ತುಂಬ ಚಕ್ಕಳಮಕ್ಕಳ ಹಾಕಿ ಕೂತು "ಲಗು ಬೆಳಗ ಶೇವೂ, ಹಸಿವಿ ಆಗೇತಿ" ಎಂದು ಗದರುವ ದಾದಾ ಬೇಕಾಗಿದ್ದ.

ಪಕ್ಕದ ಮನೆಯ ಹೌಸಾಬಾಯಿ ತನ್ನ ತಮ್ಮನನ್ನು ಬಸ್ಸಿಗೆ ಹತ್ತಿಸಿ ಬಂದವಳು ನೇರ ಒಳಗೇ ಬಂದಳು.

"ಶೇವಂತಾ, ಒಂದ ಮಾತ ಹೇಳತೀನಿ, ಬೈಬ್ಯಾಡ. ಬಸ್ ಸ್ಟಾಪಿನ ಬೇವಿನ ಕಟ್ಟಿ ಮ್ಯಾಲ ನಿಮ್ಮ ದಾದಾ ಕುಂತಾನ."

"ಏನಂದಿ?"

"ಹ್ವಾದ ವರ್ಸಾನೂ ಕುಂತಿದ್ದ. ನಿಮ್ಮ ಜಗಳದಾಗ ನಾ ಯಾಕ ಮೂಗ ತೂರಸಲಿ ಅಂತ ಸುಮ್ಮನಿದ್ದೆ. ಚಂದ್ರ ಮುಳುಗೂತನಾ ನಿಮ್ಮ ಅಂಗಳಾನ ನೋಡಕೋತ ಕೂಡತಾನ. ಆಮ್ಯಾಲ ಬಸ್ ಹತ್ತತಾನ."

ಶೇವಂತಾ ತಟ್ಟೆ ಎತ್ತಿಕೊಂಡು ಸೆರಗಿನ ಮರೆ ಹಿಡಿದು ಹೊರಟೇಬಿಟ್ಟಳು.

"ಅಯ್ಯ, ಅಣ್ಣ ಮನೀಗೆ ಬರಬೇಕೋ, ತಂಗಿ ತಟ್ಟಿ ಹಿಡಕೊಂಡು ರಸ್ತೇಕ ಹೋಗಬೇಕೋ!" ಅತ್ತೆ ಗದರಿದರು. ಆಮೇಲೆ ಅವರೇ ಹಿಂದಿನಿಂದ ಕೂಗಿದರು. "ಚಪ್ಪಲ್ ಆದರೂ ಮೆಟ್ಟಿಕೋ!"

ನಡುವೆ ಇದ್ದದ್ದು ಒಂದೇ ಹೊಲ. ಜೋಳ ಇನ್ನೂ ಪಾದದೆತ್ತರ ಬೆಳೆದಿತ್ತಷ್ಟೇ. ಅವಳು ಬರುವುದನ್ನು ಕಂಡು ದಗಡೂ ಎದ್ದುನಿಂತ, ಮತ್ತೆ ಕೂತ, ಟೋಪಿ ಸರಿಮಾಡಿಕೊಂಡ. ಮೀಸೆ ಪೂರ್ತಿ ನೆರೆತಿತ್ತು. ಕಟ್ಟೆ ಮುಟ್ಟುವಷ್ಟರಲ್ಲಿ ಗಾಳಿಗೆ ದೀಪ ಆರಿತು.

"ಇಲ್ಲೀತನಾ ಬಂದಾಂವಗ ಮನೀತನಾ ಬರಾಕ ಏನ ಧಾಡಿಯಾಗಿತ್ತೋ?" ಎಂದಳು. ಬೈಯಲು ಹೋದ ದನಿ ಅರ್ಧದಲ್ಲೇ ಅಳುವಾಯಿತು.

"ಯಾವ ಮುಖಾ ಹೊತ್ತು ಬರಲಿ?" ಅವನು ನೆಲ ನೋಡುತ್ತ ಹೇಳಿದ. "ನೀ ಚಂದ್ರಗ ಬೆಳಗತೀಯೇನೋ ಅಂತ ನೋಡಾಕ ಬರತಿದ್ದೆ. ಬೆಳಗಿದ್ದರ ನಾ ನಿನ್ನ ಪಾಲಿಗೆ ಸತ್ತಂಗ." ತಲೆಯೆತ್ತಿ ಕೇಳಿದ. "ಬೆಳಗಲಿಲ್ಲಲಾ?"

"ಒಂದ ವರ್ಸಾನೂ ಇಲ್ಲ."

ಅವನು ಚೀಲದಿಂದ ಸೀರೆ ತೆಗೆದ. ಅದೇ ಹಸಿರು ಸೀರೆ. ಅವಳ ಕಣ್ಣು ತಾನಾಗಿ ಮಡಿಕೆಗೆ ಹೋಯಿತು. ಅದು ಅವನಿಗೂ ಕಂಡಿತು.

"ಏನೂ ಇಲ್ಲಬೇ ಶೇವೂ," ಎನ್ನುತ್ತ ಒಂದೊಂದೇ ಮಡಿಕೆ ಬಿಚ್ಚಿ ಜಾಡಿಸಿದ. ಹದಿನೆಂಟು ಮೊಳವೂ ಗಾಳಿಗೆ ಬಿಚ್ಚಿಕೊಂಡು ಹಾರಾಡಿತು. ಎರಡು ನುಸಿಗುಳಿಗೆ ಉದುರಿ ಕಟ್ಟೆಯ ಕೆಳಗೆ ಉರುಳಿದವು, ಮತ್ತೇನಿಲ್ಲ.

ಅವಳು ಕಡ್ಡಿಪೆಟ್ಟಿಗೆ ತಂದಿರಲಿಲ್ಲ. ಅವನು ತನ್ನ ಬೀಡಿಯ ಕಡ್ಡಿಪೆಟ್ಟಿಗೆ ಕೊಟ್ಟ. ಎರಡು ಕಡ್ಡಿ ಆರಿದವು. ಆಗ ಅವನು ಸೀರೆಯನ್ನು ದುಪ್ಪಟ್ಟು ಮಡಿಸಿ, ಎರಡೂ ಕೈ ಅಗಲಿಸಿ, ಗಾಳಿಗೆ ಅಡ್ಡ ಹಿಡಿದು ಕೂತ. ಆ ಮರೆಯಲ್ಲಿ ದೀಪ ಹತ್ತಿತು. ಶೇವಂತಾ ಕಣ್ಣೊರೆಸಿಕೊಂಡು ಅವನ ಹಣೆಗೆ ಕುಂಕುಮ ಹಚ್ಚಿದಳು. ಅದು ಮೂಗಿನ ತನಕ ಇಳಿಯಿತು.

ಬಸ್ಸು ಬಂದು ನಿಂತಿತು. ಎರಡು ಸಲ ಹಾರ್ನ್ ಹೊಡೆಯಿತು. ಅವನು ಅತ್ತ ತಿರುಗಲಿಲ್ಲ.

"ಲಗು ಬೆಳಗ ಶೇವೂ," ಎಂದ. "ಹಸಿವಿ ಆಗೇತಿ."

ಬಸ್ಸು ಹೊರಟುಹೋಯಿತು. ಚಂದ್ರ ಆಗಲೇ ಮುಳುಗಿದ್ದ. ಅವನು ಸೀರೆ ಹಿಡಿದೇ ಕೂತಿದ್ದ.