ಲಾಡ್ಲೇಸಾಬರ ಕುರ್ಚಿ

ನಿಜಾಮರ ಆಳ್ವಿಕೆ ಮುಗಿದು ಎರಡು ಸುಗ್ಗಿ ಕಳೆದಿದ್ದವು. ಬಡವರ ಮಕ್ಕಳು ಕಾಲೇಜು ಓದಲು ಹೊಸ ಸರಕಾರ ವಜೀಫಾದ ಹಣ ಕೊಡುತ್ತದೆಂಬ ಸುದ್ದಿ ಹತ್ತಿಕುಣಿಗೂ ಬಂತು. ಯಾದಗಿರಿಯಲ್ಲಿ ಮೆಟ್ರಿಕ್ ಮುಗಿಸಿದ್ದ ಕುರುಬರ ಅಮೋಘಸಿದ್ದ ಅರ್ಜಿ ಹಾಕಿದ. ಸಿಕ್ಕರೆ ಹೈದರಾಬಾದಿನ ಕಾಲೇಜು, ಇಲ್ಲದಿದ್ದರೆ ಅಪ್ಪ ಬಿಟ್ಟುಹೋದ ಕುರಿಹಿಂಡು. ಮನೆಯ ಸ್ಥಿತಿಗತಿ ನೋಡಲು ಶಿಕ್ಷಣ ಇಲಾಖೆಯ ನಸೀರುದ್ದೀನ ಸಾಹೇಬರು ಬರುವವರಿದ್ದರು.

ಹುಡುಗನಿಗೆ ಬುದ್ಧಿ ಕೈಕೊಟ್ಟಿತು. ಬಡತನ ನೋಡಲು ಬರುವವರ ಮುಂದೆಯೇ ಬಡತನ ಮುಚ್ಚಲು ಹೊರಟ. ಪಕ್ಕದ ಓಣಿಯ ಲಾಡ್ಲೇಸಾಬರಿಂದ ಕುರ್ಚಿ ತಂದ, ಕಪ್ಪುಬಸಿ ತಂದ. ಅವ್ವ ಭೀಮವ್ವನನ್ನು ನಸುಕಿನಲ್ಲೇ ಕುರಿ ಹೊಡೆದುಕೊಂಡು ಹೋಗೆಂದು ಸಾಗಹಾಕಿದ. ಮೈಯೆಲ್ಲ ಕುರಿವಾಸನೆಯ ಅವ್ವ ಸಾಹೇಬರ ಕಣ್ಣಿಗೆ ಬೀಳುವುದು ಅವನಿಗೆ ಬೇಡವಾಗಿತ್ತು.

ಸಾಹೇಬರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಭೀಮವ್ವ ಬಂದೇಬಿಟ್ಟಳು. ಕೈಯಲ್ಲಿ ಹಾಲಿನ ತಂಬಿಗೆ, ಹೆಗಲ ಮೇಲೆ ಹೊಸ ಕಂಬಳಿ. ಮನೆಗೆ ಬಂದವರಿಗೆ ಕಂಬಳಿ ಹಾಸದಿದ್ದರೆ ಕುರುಬರ ಮಾನ ಉಳಿದೀತೇ? ಸಾಹೇಬರು ಬಂದ ಸುದ್ದಿ ಕೇಳಿ ಕುರಿಗಳನ್ನು ತನ್ನ ಅಣ್ಣನಿಗೆ ಒಪ್ಪಿಸಿ, ಅವನ ಕಂಬಳಿಯನ್ನೇ ಕೇಳಿ ತಂದಿದ್ದಳು.

“ಈ ಹೆಣ್ಮಗಳು ಯಾರಪ?” ಸಾಹೇಬರು ಕೇಳಿದರು.

ಅಮೋಘಸಿದ್ದ ತಲೆ ತಗ್ಗಿಸಿದ. ಭೀಮವ್ವ ಕುರ್ಚಿ ನೋಡಿದಳು, ಮಗನ ಮುಖ ನೋಡಿದಳು. ಹೆತ್ತವಳಿಗೆ ಬಿಡಿಸಿ ಹೇಳಬೇಕೇ?

“ನಾ ಕುರಿ ಕಾಯೋ ಕೂಲಿಯಾಕಿ ರೀ,” ಅಂದವಳೇ ತಂಬಿಗೆಯನ್ನು ಹೊಸ್ತಿಲಲ್ಲಿಟ್ಟು ಹಿತ್ತಲಿಗೆ ಹೋದಳು.

ಮಗ ಆಕೆಯನ್ನು ತಡೆಯದೆ ಸಾಹೇಬರ ಕಪ್ಪು ಎತ್ತಿಕೊಂಡ.

ಸಾಹೇಬರು ಎದ್ದರು. “ಕುರ್ಚಿ ಅದ, ಆಳು ಇಟ್ಟೀರಿ. ನಿಮಗ್ಯಾಕಪ ವಜೀಫಾ? ಇಲ್ಲದವರು ಭಾಳ ಮಂದಿ ಅದಾರ.”

ಅವರ ಟಾಂಗಾ ಊರಗಸಿಯ ಬಾಗಿಲು ದಾಟುವಾಗ ಅಮೋಘಸಿದ್ದ ಏದುಸಿರು ಬಿಡುತ್ತ ಓಡಿ ಹಿಡಿದ. “ಸಾಹೇಬ್ರ, ಕುರ್ಚಿ ನಮ್ದಲ್ರಿ. ಆಕಿ... ಆಕಿ ನಮ್ಮವ್ವ ರೀ!”

ವಜೀಫಾ ಕೈತಪ್ಪುತ್ತದೆಂದ ಮೇಲೆ ಅವ್ವ ಅವ್ವನಾದಳು ನೋಡಿ!

ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿನ್ನ ಹೆಸರು ಬರದು ಕಳಸ್ತೀನಿ, ಓದಾಕ ಹೋಗು. ಆದ್ರ ಈ ಮಾತು ಆಕಿ ಮುಂದ ಆಡಬೇಕಿತ್ತಪ.”

ಕೇಳಿದ್ದು ಸಿಕ್ಕಿತ್ತು. ಆದರೂ ಮನೆ ದಾರಿಯಲ್ಲಿ ಎದುರು ಬಂದವರ ಮುಖ ನೋಡಲು ಅವನಿಗೆ ನಾಚಿಕೆಯಾಯಿತು.

ಭೀಮವ್ವ ಸೆರಗಿನಿಂದ ಕುರ್ಚಿ ಒರೆಸುತ್ತಿದ್ದಳು. ಕಂಬಳಿ ಮಡಿಕೆ ಬಿಚ್ಚದೆ ಮೂಲೆಯಲ್ಲಿತ್ತು.

“ಮಂದಿ ಸಾಮಾನ, ಜ್ವಾಕಿಲೆ ಕೊಟ್ಟು ಬಾ,” ಅಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ನಾ ಚಲೋ ಹೇಳಿದ್ನಿಲ್ಲೋ ಯಪ್ಪಾ? ಸಾಹೇಬ್ರಿಗೆ ನಾ ನಿಮ್ಮವ್ವ ಅಂತ ಗೊತ್ತಾಗಲಿಲ್ಲಲ್ಲ?”