ಮೂರನೆಯ ಸುರುಳಿ

ಹಾಜಿರಾ ಬಿಸಿನೀರಿನ ಬಾನಿಯಿಂದ ಸತ್ತ ರೇಷ್ಮೆಹುಳುಗಳನ್ನು ಜರಡಿಯಲ್ಲಿ ಎತ್ತಿ ಬುಟ್ಟಿಗೆ ಸುರಿಯುತ್ತಿದ್ದಳು. ಚಿಕ್ಕಮ್ಮ ಗುಲ್ಜಾರ್ ಬೀ ರಾಟೆಗೆ ಎಣ್ಣೆ ಬಿಡುತ್ತಿದ್ದಳು. ಹೋದ ವರ್ಷದ ಪ್ಲೇಗಿನಲ್ಲಿ ಹಾಜಿರಾಳ ತಾಯಿ ಜಹೀದಾ ತೀರಿಕೊಂಡ ಮೇಲೆ ಕ್ಲೋಸ್‌ಪೇಟೆಯ ಆ ರೇಷ್ಮೆ ಮನೆಯಲ್ಲಿ ಮಾತು ಕಡಿಮೆ.

ಪ್ಲೇಗಿಗೆ ಮುಂಚೆ ಬೊಂಬಾಯಿಯ ಸಿನಿಮಾದವರು ಬಂದು ಇಲ್ಲಿ ನೂಲು ತೆಗೆಯುವುದನ್ನು ಚಿತ್ರ ಹಿಡಿದಿದ್ದರು. ಗೋಷಾ ಪಾಲಿಸುತ್ತಿದ್ದ ಜಹೀದಾ ಮುಖ ತೋರಿಸಲಿಲ್ಲ. ಕೈ ಮಾತ್ರ ತೋರಿಸಿದಳು. ಮನೆಯಲ್ಲಿ ಅವಳದೊಂದು ಫೋಟೋವೂ ಇಲ್ಲ. ಆ ಚಿತ್ರ ಬೆಂಗಳೂರಿನಲ್ಲಿ ನಾಲ್ಕು ದಿನ ಓಡಿ ನಿಂತಿತ್ತು. ಈಗ ಚನ್ನಪಟ್ಟಣದ ಸಿನಿಮಾ ಡೇರೆಗೆ ಬಂದಿದೆ ಎಂದು ಸೋದರಮಾವ ಶರೀಫ್ ನೋಡಿಬಂದು ಹೇಳಿದ. ಮೂರನೆಯ ಸುರುಳಿಯಲ್ಲಿ ಅಕ್ಕನ ಕೈ ಬರುತ್ತದೆ, ಬೆರಳಿನ ಸುಟ್ಟ ಕಲೆಯೂ ಕಾಣುತ್ತದೆ. ಆದರೆ ಕುದುರೆಯಿಲ್ಲ, ಕತ್ತಿಯಿಲ್ಲ ಎಂದು ಜನ ಬೈದುಕೊಂಡು ಎದ್ದುಹೋದರಂತೆ. ನಾಳೆ ಸಂಜೆಯ ರೈಲಿಗೆ ಸುರುಳಿಗಳ ಡಬ್ಬ ವಾಪಸ್ಸಂತೆ.

ಮರುದಿನ ಹಾಜಿರಾ ಚಿಕ್ಕಮ್ಮನನ್ನು ಕಟ್ಟಿಕೊಂಡು ಚನ್ನಪಟ್ಟಣಕ್ಕೆ ಹೋದಳು. ಆ ಚಿತ್ರ ತೋರಿಸಿ ಎಂದಾಗ ಡೇರೆಯ ಯಜಮಾನ ಕೃಷ್ಣಪ್ಪ ತಲೆ ಕೆರೆದುಕೊಂಡು, ಮೂವತ್ತು ಹೆಂಗಸರು ಬಂದರೆ ದೀಪ ಹಚ್ಚುವ ಹೊತ್ತಿಗೆ ಹೆಂಗಸರಿಗೆಂದೇ ಒಂದು ಆಟ ತೋರಿಸುತ್ತೇನೆ, ಡಬ್ಬ ನಾಳೆ ಹೋದರಾಯಿತು ಎಂದ.

ನೆರೆಮನೆಯವರೊಡನೆಯೂ ಬಾಯಿ ಬಿಡದ ಹಾಜಿರಾ ಬೊಂಬೆ ಮಾಡುವವರ ಬೀದಿಯಲ್ಲಿ ಬಾಗಿಲು ತಟ್ಟಿದಳು. ಚಿತ್ರದಲ್ಲಿ ಏನಿದೆ ಎಂದು ಮೊದಲ ಮನೆಯ ಬೋರಮ್ಮ ಕೇಳಿದಳು. ನೂಲು ತೆಗೆಯುವುದು ಎಂದಳು ಹಾಜಿರಾ.

"ಅಯ್ಯೋ ತಾಯಿ, ಅದ್ನ ನಮ್ಮತ್ತೆ ಮನೇಲಿ ಬಿಟ್ಟಿ ನೋಡ್ತೀನಿ."

ಮುಂದಿನ ಮನೆಯಲ್ಲಿ ಹಾಜಿರಾ ಸುಳ್ಳು ಹೇಳಿದಳು: ಹುಲಿ ಇದೆ. ಬಾಗಿಲಿನಿಂದ ಬಾಗಿಲಿಗೆ ಹುಲಿ ಬೆಳೆಯಿತು. ಮುಸ್ಸಂಜೆಗೆ ಮೂವತ್ತನಾಲ್ಕು ಮಂದಿ ಸೇರಿದರು. ಹುಲಿಯ ಸುದ್ದಿ ಕೇಳಿ ಬೋರಮ್ಮನೂ ಬಂದಳು.

ಮೊದಲ ಸುರುಳಿಯಲ್ಲಿ ಹಿಪ್ಪುನೇರಳೆ ತೋಟದ ಮೇಲೆ ಗಾಳಿ ಬೀಸಿತು. ಎರಡನೆಯದರಲ್ಲಿ ಒಬ್ಬ ಮುದುಕಿ ನಿಧಾನವಾಗಿ ಹೊಲ ದಾಟತೊಡಗಿದಳು.

"ಏನವ್ವಾ, ನಿನ್ನ ಹುಲಿ ಹೊಟ್ಟೆ ತುಂಬಿ ಮನಿಕ್ಕೊಂಡೈತಾ?" ಎಂದಳು ಬೋರಮ್ಮ. ಡೇರೆಯೆಲ್ಲ ನಕ್ಕಿತು. ಆಮೇಲೆ ನಗು ನಿಂತು ಬೈಗುಳ ಶುರುವಾಯಿತು. ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಒಬ್ಬೊಬ್ಬರೇ ಎದ್ದರು. ಮುದುಕಿ ಹೊಲ ದಾಟಿ ಮುಗಿಸುವಷ್ಟರಲ್ಲಿ ಚಾಪೆಯ ಮೇಲೆ ಉಳಿದವರು ಇಬ್ಬರೇ, ಹಾಜಿರಾ ಮತ್ತು ಚಿಕ್ಕಮ್ಮ.

ಕೃಷ್ಣಪ್ಪ ಯಂತ್ರದ ಹಿಡಿ ತಿರುಗಿಸುವುದನ್ನು ನಿಲ್ಲಿಸಿದ. ಹೊರಗೆ ಕತ್ತಿವರಸೆಯ ಚಿತ್ರದ ಮುಂದಿನ ಆಟಕ್ಕೆ ಕಾದಿದ್ದ ಗಂಡಸರು ಡೇರೆಯ ಹಗ್ಗ ಜಗ್ಗುತ್ತಿದ್ದರು. ಅವನು ಮೂರನೆಯ ಸುರುಳಿಯನ್ನು ತೋರಿಸದೆಯೇ ಡಬ್ಬದೊಳಗಿಟ್ಟು ಬೇರೊಂದನ್ನು ಯಂತ್ರಕ್ಕೆ ಏರಿಸತೊಡಗಿದ.

ಹಾಜಿರಾ ಅವನ ಹತ್ತಿರ ಹೋಗಿ ನಿಂತಳು. ಸುಳ್ಳು ಹೇಳಿದ್ದು ತಾನೇ, ತಪ್ಪಾಯಿತು ಎಂದಳು. ಅವನು ಹೊಸ ಸುರುಳಿಯ ತುದಿಯನ್ನು ಯಂತ್ರಕ್ಕೆ ಸಿಕ್ಕಿಸಿದ. ಹೋಗೋಣವೆಂದು ಗುಲ್ಜಾರ್ ಬೀ ಅವಳ ಬುರ್ಖಾದ ತುದಿ ಹಿಡಿದೆಳೆದಳು. ಗಂಡಸರು ಒಳಗೆ ನುಗ್ಗಿದರು. ಹಾಜಿರಾ ಅವರೆದುರೇ ದನಿಯೆತ್ತಿದಳು.

"ಅದ್ರಲ್ಲಿ ನಮ್ಮಮ್ಮನ ಕೈ ಐತೆ. ಒಂದೊಸಿ ತಿರುಗ್ಸಿ."